ಹಳೇ ಇಂಜಿನ್ನಿಗೆ ಹೊಸ ಪಿಸ್ಟನ್: ಅಳತೆ ನೋಡಿ, ಆಮೇಲೆ ಬಸ್ ಹತ್ತಿ

ಜಗಳೂರು: ತುಂಗಭದ್ರೆ ನೀರು ತರುವ 57 ಕೆರೆ ಯೋಜನೆಯಿಂದ ಕೆರೆ ಪಕ್ಕದ ತೆರೆದ ಬಾವಿಗಳ ಆಸೆ ಚಿಗುರಿದೆ. ಮೂಲೆ ಸೇರಿದ್ದ ಡೀಸೆಲ್ ಇಂಜಿನ್ನಿಗೂ ಮತ್ತೆ ಕೆಲಸ. ಆದರೆ ಬಿಡಿಭಾಗ?

"ಕಿರ್ಲೋಸ್ಕರ್ ಪಿಸ್ಟನ್ ಕೊಡಿ" ಅಂತ ಕೇಳೋಕೆ ದಾವಣಗೆರೆ ಬಸ್ ಹತ್ತುವವರೇ, ತಡೀರಿ ಸ್ವಾಮಿ. ಎವಿ-1 ಇಂಜಿನ್ನಿನ ಬೋರು 80 ಮಿಲಿಮೀಟರ್, ಟಿವಿ-1ರದ್ದು 87.5. ಒಂದರದ್ದು ಇನ್ನೊಂದಕ್ಕೆ ಕೂರೋದಿಲ್ಲ. ಇಂಜಿನ್ ಮೇಲಿನ ಪ್ಲೇಟಿನ ನಂಬರ್ ಬರೆದುಕೊಳ್ಳಿ, ಸವೆದ ಭಾಗವನ್ನೇ ಚೀಲಕ್ಕೆ ಹಾಕಿಕೊಳ್ಳಿ.

ಹೊಗೆ ಕಂಡ ಕೂಡಲೇ ಪಿಸ್ಟನ್, ಲೈನರ್ ಎರಡೂ ಹೋಯ್ತು ಅನ್ನೋ ಮೇಸ್ತ್ರಿಗೆ ತಲೆಯಾಡಿಸಬೇಡಿ. ಮೊದಲು ಲೈನರ್ ಸವೆತ ಅಳೆಸಿ. ಮಿತಿಯೊಳಗಿದ್ದರೆ ರಿಂಗ್ ಸೆಟ್ ಒಂದೇ ಸಾಕಾಗಬಹುದು. ಗ್ಯಾಸ್ಕೆಟ್ ಅಗ್ಗದ್ದಾದರೂ ನಡೆದೀತು, ನಾಜಲ್ ಮಾತ್ರ ಕಂಪನಿ ಮಾಲೇ ಇರಲಿ. ಬಿಲ್ ಕೇಳಿ ಪಡೆಯಿರಿ. ಅಳತೆ ತಪ್ಪಿದರೆ ವಾಪಸ್ ಮಾಡೋಕೆ ಬೇಕಾಗುತ್ತೆ.