ಮೆತ್ತನೆಯ ತಂತಿ, ಮಿಡಿಯುವ ಗುಂಡಿಗೆ

ಕಳೆದ ವರ್ಷ ನನ್ನ ಅವ್ವನ ಎದೆಯಲ್ಲಿ ವೈದ್ಯರು ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಕೂಡಿಸಿದರು. ಮನೆಗೆ ಬಂದ ಮೇಲೆ ಅವಳು ಕೇಳಿದಳು: “ತಮ್ಮಾ, ಆ ತಂತಿ ಗುಂಡಗಿಗೆ ಚುಚ್ಚಂಗಿಲ್ಲೇನು?” ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ಆದುದರಿಂದ ಎಲ್ಲ ಪ್ರಶ್ನೆಗಳೂ ನನ್ನ ಪಾಲಿಗೇ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಉತ್ತರ ತಿಳಿಯಲಿಲ್ಲ. ಹುಡುಕುತ್ತ ಹೋದಾಗ ದೊರೆತುದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನದ ಗೆಳೆಯರು ನಗದೆ ಓದಬೇಕು.

ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಮುನ್ನ ಅದರಲ್ಲಿ ವಿದ್ಯುತ್ತಿನ ಅಲೆಯೊಂದು ಹಾಯುತ್ತದೆ. ಅವ್ವನ ಯಂತ್ರವು ಈ ಅಲೆಯನ್ನು ಕಾಯುತ್ತಿದ್ದು, ತಡವಾದರೆ ತಾನೇ ಒಂದು ತಟ್ಟು ಕೊಡುತ್ತದೆ. ತಂತಿಯ ತುದಿಯಲ್ಲಿ ಸಣ್ಣ ತಿರುಪೋ ಕೊಕ್ಕೆಯೋ ಇರುತ್ತದೆ. ಕ್ರಮೇಣ ಅದರ ಸುತ್ತ ಗಾಯದ ಪೊರೆ ಬೆಳೆಯುತ್ತದೆ. ಅವ್ವನ ಸಂದೇಹ ಪೂರ್ಣ ತಪ್ಪಲ್ಲ!

ಯಂತ್ರಗಳ ಬಿಲ್ಲೆಗಳನ್ನು ಮಾಡುವ ಸಿಲಿಕಾನ್, ಹೃದಯದ ಮಾಂಸಕ್ಕಿಂತ ಸುಮಾರು 1 ಕೋಟಿ ಪಟ್ಟು ಬಿರುಸು. ಬೆಣ್ಣೆಯಲ್ಲಿ ಮೊಳೆ ನೆಟ್ಟಂತೆ. ಆದರೆ ಹಲಗೆ ಬಾಗದಿದ್ದರೂ ಅದೇ ಮರದ ಸಿಬರು ಬಾಗುತ್ತದಲ್ಲವೆ? ದಪ್ಪವನ್ನು ಅರ್ಧಕ್ಕಿಳಿಸಿದರೆ ಬಾಗುವುದಕ್ಕೆ ಅದು ಒಡ್ಡುವ ತಡೆ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನೇ ನಂಬಿ ವಿಜ್ಞಾನಿಗಳು ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳನ್ನು ಹಾವಿನಂತೆ ಬಳುಕಿಸಿ ಬಲೆ ಹೆಣೆದರು.

ಆ ಬಲೆಯನ್ನು ಮೊದಲು ಪ್ರಯೋಗಿಸುವುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಹೃದಯದ ತುಣುಕಿನ ಮೇಲೆ. ಜಪಾನಿನ ಯಮನಾಕಾ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಜೀವಕೋಶಗಳನ್ನು ಮೂಲಸ್ಥಿತಿಗೆ ಹಿಂದಿರುಗಿಸಿದರು. ಅಂಥವುಗಳಿಂದ ಹೃದಯದ ಕೋಶಗಳನ್ನು ಬೆಳೆಸಿದರೆ ಅವು ಗಾಜಿನ ತಟ್ಟೆಯಲ್ಲಿ ತಾವೇ ಮಿಡಿಯತೊಡಗುತ್ತವೆ. 2016ರಲ್ಲಿ ಟೆಲ್ ಅವೀವಿನ ತಾಲ್ ದ್ವೀರ್ ಅವರ ತಂಡವು, ಮಿಡಿತವನ್ನು ಅಳೆಯುವ, ತಟ್ಟುವ, ಔಷಧವನ್ನೂ ಬಿಡುವ ಯಂತ್ರಸಹಿತ ಹೃದಯದ ತೇಪೆಯನ್ನು ರಚಿಸಿತು. ನನಗೆ ಅದಕ್ಕಿಂತ ಬೆರಗೆನಿಸಿದುದು 2019ರ ಹಾರ್ವರ್ಡ್ ಪ್ರಯೋಗ. ಜಿಯಾ ಲಿಯು ಅವರ ತಂಡ ಬಲೆಯನ್ನು ಕೋಶಗಳ ಚಪ್ಪಟೆ ಹಾಳೆಯೊಡನೆ ಇಟ್ಟಿತು. ಕೋಶಗಳು ತಾವಾಗಿ ಮಡಿಚಿ ಉಂಡೆಯಾದಾಗ ಬಲೆಯೂ ಅವುಗಳೊಡನೆ ಮಡಿಚಿ ಒಳಸೇರಿತು. ಚುಚ್ಚುವ ಮಾತೇ ಇಲ್ಲ.

ತಟ್ಟುವುದರಿಂದ ಇನ್ನೊಂದು ಉಪಯೋಗವುಂಟು. ತಟ್ಟೆಯ ಕೋಶಗಳು ಗರ್ಭದ ಶಿಶುವಿನ ಕೋಶಗಳಂತೆ ಎಳಸು. 2013ರಲ್ಲಿ ಟೊರೊಂಟೊದವರು ವಿದ್ಯುತ್ತಿನ ತಟ್ಟನ್ನು ಸೆಕೆಂಡಿಗೆ 1ರಿಂದ 6ಕ್ಕೆ ಮೆಲ್ಲಗೆ ಏರಿಸಿ, ಗರಡಿಯಲ್ಲಿ ಹುಡುಗರನ್ನು ಪಳಗಿಸಿದಂತೆ, ಅವನ್ನು ಬಲಿಸಿದರು. ಬಲಿತ ತುಣುಕಿದ್ದರೆ ಔಷಧದ ಪರೀಕ್ಷೆ ಹೆಚ್ಚು ನಂಬಬಹುದಾದುದು. ಇಲಿಯ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಬಾರಿ ಮಿಡಿಯುವುದರಿಂದ ನಮ್ಮ ಹೃದಯದ ಸುದ್ದಿಯನ್ನು ಅದು ಸರಿಯಾಗಿ ಹೇಳಲಾರದು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡೀನ್ ಹೃದಯದ ಲಯ ಕೆಡಿಸುತ್ತದೆಂಬುದು ಜನರು ನುಂಗಿದ ಮೇಲೆಯೇ ತಿಳಿದು, 1998ರಲ್ಲಿ ಅಮೆರಿಕದ ಪೇಟೆಯಿಂದ ಅದು ಹೊರಬಿತ್ತು.

ಇವು ಇನ್ನೂ ಅವ್ವನಂಥವರ ಎದೆಗೆ ಬಂದಿಲ್ಲ. ದೊಡ್ಡ ತುಣುಕಿಗೆ ರಕ್ತನಾಳ ಬೇಕು, ಅದೇ ಕಷ್ಟ. ಇದನ್ನೆಲ್ಲ ರೊಟ್ಟಿ ಬಡಿಯುತ್ತಿದ್ದ ಅವಳಿಗೆ ಹೇಳಿದೆ. ಕೈ ನಿಲ್ಲಿಸಿ, “ತಟ್ಟಿಯಾಗ ಬಡಕೊಳ್ಳೂದು ಕೇಳಸತೈತೇನು?” ಎಂದಳು. ಕೇಳಿಸದು, ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತದೆ ಎಂದೆ.