ಬರಿದಾಗಬೇಕಾದವರು ಯಾರು?

ದಲಿತ ವಿಮರ್ಶೆಯ ಮಾತು ಬಂದಾಗ ಬುದ್ಧ, ಬಸವ, ಅಂಬೇಡ್ಕರ್, ಮಾರ್ಕ್ಸ್ ಎಂದು ಹೆಸರು ಹೇಳಿ ಮುಂದೆ ಹೋಗುವುದು ನಮಗೆ ರೂಢಿ. ಕ್ರೈಸ್ತ ದಲಿತರು ತಮ್ಮ ದೇವರ ಜೊತೆ, ತಮ್ಮ ಚರ್ಚಿನ ಜೊತೆ ನಡೆಸಿದ ಜಗಳ ನಮ್ಮ ಚರ್ಚೆಗಳಿಗೆ ಬಂದದ್ದು ಕಡಿಮೆ. ಆ ಜಗಳದ ನಡುವೆ ನಿಂತಿರುವ ಒಂದು ಪರಿಕಲ್ಪನೆ ಕೆನೋಸಿಸ್. ಈ ಗ್ರೀಕ್ ಮಾತಿಗೆ ಬರಿದು ಮಾಡಿಕೊಳ್ಳುವುದು ಅಂತ ಅರ್ಥ. ದೇವರು ತನ್ನ ದೊಡ್ಡತನವನ್ನು ತಾನೇ ಬರಿದು ಮಾಡಿಕೊಂಡು ಮನುಷ್ಯನಾದ ಎಂಬುದು ನಂಬಿಕೆ. ಬರಿದಾಗುವವರು ಯಾರು, ಯಾರಿಗಾಗಿ ಎಂದು ಕೇಳಿದ ಕೂಡಲೇ ಇದು ಜಾತಿಯ ಪ್ರಶ್ನೆಯೂ ಆಗುತ್ತದೆ.

ಈ ವಿಚಾರದ ಮೂಲ, ಪೌಲನು ಸೆರೆಮನೆಯಿಂದ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಅದರ ಸಾರ ಇಷ್ಟು: ದೇವರ ಸಮಾನನಾಗಿದ್ದವನು ಆ ಸ್ಥಾನಕ್ಕೆ ಜೋತುಬೀಳಲಿಲ್ಲ; ಗುಲಾಮನ ರೂಪ ತೊಟ್ಟ; ಶಿಲುಬೆಯ ಸಾವಿನ ತನಕ ಇಳಿದ; ಅದಕ್ಕಾಗಿಯೇ ದೇವರು ಅವನನ್ನು ಎಲ್ಲಕ್ಕಿಂತ ಮೇಲಕ್ಕೆತ್ತಿದ. ಫಿಲಿಪ್ಪಿ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ್ದ ರೋಮನ್ ವಸಾಹತು. ಪೌರತ್ವದ ಹೆಮ್ಮೆ ಮೆರೆಯುತ್ತಿದ್ದ ಊರು. ಶಿಲುಬೆಯಾದರೋ ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ ಮೀಸಲಾದ ಶಿಕ್ಷೆ. ಅಂಥ ಊರಿನಲ್ಲಿ ದೇವರು ಗುಲಾಮನ ಸಾವು ಸತ್ತ ಎಂದು ಹೇಳುವುದು ಅಲ್ಲಿನ ಮಾನಮರ್ಯಾದೆಯ ಲೆಕ್ಕವನ್ನೇ ತಲೆಕೆಳಗು ಮಾಡಿದಂತೆ.

ಕನ್ನಡ ಬೈಬಲ್ಲು ಇಲ್ಲಿ 'ದಾಸ' ಎಂಬ ಮಾತು ಬಳಸುತ್ತದೆ. ನಮ್ಮ ಕಿವಿಗೆ ದಾಸ ಅಂದರೆ ತಂಬೂರಿ ಹಿಡಿದ ಹರಿದಾಸ, ಭಕ್ತಿಯ ವಿನಯ. ಮೂಲದ 'ದೂಲೊಸ್' ಅಂಥ ಮೆತ್ತನೆಯ ಮಾತಲ್ಲ. ಅವನು ಕೊಳ್ಳಬಹುದಾದ, ಮಾರಬಹುದಾದ ಆಳು. ಪೂರ್ತಿ ಒಂದೇ ಅಲ್ಲದಿದ್ದರೂ ನಮ್ಮ ಅನುಭವದಲ್ಲಿ ಇದಕ್ಕೆ ಹತ್ತಿರದವನು ಜೀತದಾಳು. ಹಾಗೆ ಓದಿಕೊಂಡು ನೋಡಿ. ವಿನಯ ಮರೆಯಾಗಿ ಸಾಲ, ದುಡಿಮೆ, ಹೊಡೆತ ಕಣ್ಣಮುಂದೆ ಬರುತ್ತವೆ.

ಭಾರತದಲ್ಲಿ ಈ ಓದನ್ನು ಗಟ್ಟಿಯಾಗಿ ಆರಂಭಿಸಿದವರು ಅರವಿಂದ ಪಿ. ನಿರ್ಮಲ್. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅವರು ಶೂದ್ರ ಥಿಯಾಲಜಿಯ ಬಗ್ಗೆ ಮಾತನಾಡಿದರು. ಅದೇ ಮುಂದೆ ದಲಿತ ಥಿಯಾಲಜಿ ಆಯಿತು. ಅಲ್ಲಿಯವರೆಗೆ ಭಾರತೀಯ ಕ್ರೈಸ್ತ ಚಿಂತನೆ ಎಂದರೆ ಬಹುಮಟ್ಟಿಗೆ ವೇದಾಂತದ ಜೊತೆಗಿನ ಸಂವಾದ. ಬ್ರಹ್ಮಬಾಂಧವ ಉಪಾಧ್ಯಾಯರಂಥವರು ತ್ರಿತ್ವವನ್ನು ಸಚ್ಚಿದಾನಂದ ಎಂದು ವಿವರಿಸಿದ್ದರು. ಚರ್ಚಿನೊಳಗೆ ಕೂತ ಜನರಲ್ಲಿ ಬಹುಪಾಲು ದಲಿತರು. ಅಲ್ಲಿನ ಚಿಂತನೆ ಮಾತ್ರ ಅಗ್ರಹಾರದ್ದು! ನಿರ್ಮಲ್ ಯೇಸುವನ್ನೇ ದಲಿತ ಎಂದರು. ಕೈಬಿಡಲ್ಪಟ್ಟವನಾಗಿ ಶಿಲುಬೆಯ ಮೇಲೆ ಅವನು ಕೂಗಿದ ಕೂಗನ್ನು ದಲಿತನ ಕೂಗಾಗಿ ಕೇಳಿಸಿಕೊಂಡರು. ದೇವರು ಸ್ವಭಾವದಿಂದಲೇ ಸೇವಕ. ಹಾಗಾದರೆ ಕಸ ಗುಡಿಸುವವರಲ್ಲಿ ನಿಮ್ಮ ದೇವರನ್ನು ಕಾಣಲು ತಯಾರಿದ್ದೀರಾ? ಅವರ ಸವಾಲಿನ ತಿರುಳು ಇದು.

ತೊಡಕು ಇರುವುದೂ ಇಲ್ಲೇ. ದೇವರ ಕೈಯಲ್ಲೂ ಪೊರಕೆ ಇದೆ ಅಂದರೆ ಪೊರಕೆ ಹಿಡಿದವರಿಗೆ ಘನತೆ ಬರುತ್ತದೆ, ನಿಜ. ಆದರೆ ಆ ಪೊರಕೆ ಅವರ ಕೈಬಿಡುವುದು ಯಾವಾಗ? ಜಾಡಮಾಲಿ ಕೆಲಸವನ್ನು ಗಾಂಧಿ ಪವಿತ್ರ ಸೇವೆಯೆಂದು ಹೊಗಳಿದ್ದನ್ನು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ಅಮೆರಿಕದ ಕಪ್ಪು ಚಿಂತಕಿ ಡೆಲೊರೆಸ್ ವಿಲಿಯಮ್ಸ್ ಕೂಡ 1993ರಲ್ಲಿ ಇದೇ ಬಗೆಯ ತಕರಾರು ತೆಗೆದರು: ತಲೆಮಾರುಗಳಿಂದ ಬೇರೆಯವರ ಭಾರ ಹೊತ್ತ ಹೆಂಗಸರಿಗೆ, ಮತ್ತೊಬ್ಬರಿಗಾಗಿ ನೋಯುವುದೇ ಪುಣ್ಯ ಎಂದು ಶಿಲುಬೆಯನ್ನು ತೋರಿಸಬೇಡಿ.

ಪತ್ರದ ಮಾತನ್ನು ಸರಿಯಾಗಿ ನೋಡಿದರೆ ದಾರಿ ಕಾಣುತ್ತದೆ. ಅಲ್ಲಿ ಬರಿದಾದವನು ಎಲ್ಲ ಇದ್ದವನು, ತಾನಾಗಿಯೇ ಇಳಿದವನು. ದಲಿತರು ಬರಿದಾದವರಲ್ಲ, ಬರಿದು ಮಾಡಲ್ಪಟ್ಟವರು. ಉಪವಾಸಕ್ಕೂ ಹಸಿವಿಗೂ ಇರುವ ವ್ಯತ್ಯಾಸ ಇದು. ಹೊಟ್ಟೆ ಎರಡರಲ್ಲೂ ಖಾಲಿ, ಆದರೆ ಹಸಿದವನಿಗೆ ಉಪವಾಸದ ಮಹಿಮೆ ಬೋಧಿಸುವುದು ಕ್ರೌರ್ಯ. ಇಳಿಯಿರಿ ಎಂಬ ಮಾತು ಮೇಲಿದ್ದವರಿಗೆ. ಕೆಳಗಿದ್ದವರಿಗೆ ಆ ಹಾಡಿನ ಉಳಿದರ್ಧ ಇದೆ, ಮೇಲಕ್ಕೆತ್ತಿದ ಎಂಬುದು. ಇನ್ನೊಂದು ಸಂಗತಿ, ಪೌಲ ಇದನ್ನು ಒಂಟಿ ಭಕ್ತನಿಗೆ ಬರೆಯಲಿಲ್ಲ, ಇಡೀ ಸಭೆಗೆ ಬರೆದ. ಹೀಗಾಗಿ ಬರಿದಾಗುವುದು ಒಬ್ಬರ ಮನಸ್ಸಿನೊಳಗೆ ಮುಗಿಯುವ ಸಾಧನೆಯಲ್ಲ. ಒಂದು ಸಮುದಾಯ ತನ್ನೊಳಗಿನ ಮೇಲು ಕೀಳನ್ನು ಬಿಟ್ಟುಕೊಡುವುದು.

ಚರ್ಚು ಬಿಟ್ಟುಕೊಟ್ಟಿತೇ? 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟ್ ಡಿ ನೊಬಿಲಿ ತನ್ನ ಯುರೋಪಿಯನ್ ಬದುಕನ್ನು ಬಿಟ್ಟ, ನಿಜ. ಆದರೆ ಕಾವಿ ಉಟ್ಟು, ಮಾಂಸ ಬಿಟ್ಟು, ಬ್ರಾಹ್ಮಣ ಸಂನ್ಯಾಸಿಯ ಹಾಗೆ ಬದುಕಿದ. ಮೇಲ್ಜಾತಿಯವರು ಹತ್ತಿರ ಬರಲಿ ಅಂತ ಕೆಳಜಾತಿಯವರಿಂದ ದೂರ ಉಳಿದ. ಅಂದರೆ ಬರಿದಾದದ್ದು ಇಳಿಯಲಿಕ್ಕಲ್ಲ, ಏರಲಿಕ್ಕೆ. ತಮಿಳುನಾಡಿನ ಕೆಲವು ಕ್ರೈಸ್ತ ಸ್ಮಶಾನಗಳಲ್ಲಿ ಸತ್ತವರ ನಡುವೆಯೂ ಜಾತಿಯ ಗೋಡೆ ಎದ್ದಿತು. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರೇ ದಲಿತ ಸಬಲೀಕರಣ ನೀತಿಯನ್ನು ಹೊರಡಿಸಿ, ಚರ್ಚಿನೊಳಗೆ ಜಾತಿ ತಾರತಮ್ಯ ಇದೆಯೆಂದು ಒಪ್ಪಿಕೊಂಡರು. ಇತ್ತ ಸರ್ಕಾರವೂ ಹಿಂದೆ ಬೀಳಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಸೀಮಿತವಾಗಿತ್ತು. ಅದನ್ನು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿ, ಕ್ರೈಸ್ತ ದಲಿತರನ್ನು ಹೊರಗೇ ಬಿಟ್ಟರು. ಚರ್ಚಿನಲ್ಲಿ ಜಾತಿ ಉಂಟು, ಕಾನೂನಿನಲ್ಲಿ ಇಲ್ಲ!

ಸಾಹಿತ್ಯ ಓದುವ ನಮಗೆ ಇದರಿಂದ ಏನು? ಕಾರಂತರ 'ಚೋಮನ ದುಡಿ'ಯನ್ನೇ ತೆಗೆದುಕೊಳ್ಳಿ. ಚೋಮ ಕ್ರೈಸ್ತನಾಗಲು ಹೊರಟದ್ದು ಉಳುವ ಭೂಮಿಯ ಆಸೆಯಿಂದ; ಹೊರಟವನು ದಾರಿಯಲ್ಲೇ ಹಿಂದಿರುಗಿದ. ಒಡೆಯ ಸಂಕಪ್ಪಯ್ಯನಿಗೆ ಅವನ ಬಗ್ಗೆ ಮರುಕವಿತ್ತು, ಭೂಮಿ ಮಾತ್ರ ಸಿಗಲಿಲ್ಲ. ಮರುಕ ಬರಿದಾಗುವುದಲ್ಲ. ಮರುಕಪಟ್ಟವನ ಗದ್ದೆ ಮೊದಲಿದ್ದಷ್ಟೇ ಇರುತ್ತದೆ. ಚೋಮನ ದುರಂತವನ್ನು ಭವ್ಯವೆಂದು ಮೆಚ್ಚುವ ವಿಮರ್ಶೆ, ಅವನ ನೋವನ್ನು ಅಳೆದಷ್ಟು ಆಸ್ಥೆಯಿಂದ ಒಡೆಯನ ಗದ್ದೆಯನ್ನೂ ಅಳೆಯಬೇಕು. ನೋವನ್ನು ಪವಿತ್ರಗೊಳಿಸುವ ಯಾವ ಬರಹ ಕಂಡರೂ, ಅದು ಮಂದಿರದ್ದಿರಲಿ, ಚರ್ಚಿನದ್ದಿರಲಿ, ನಮ್ಮದೇ ದಲಿತ ಕಾವ್ಯವಿರಲಿ, ನಾವು ಕೇಳಬೇಕಾದ್ದು ಇಷ್ಟೆ: ಇಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು?