ಒಂದು ಕ್ಯಾನ್ ಸಿಹಿನೀರು

ಮುರುಡೇಶ್ವರಕ್ಕೆ ಹೋಗಿದ್ದ ಅಕ್ಕನ ಮಗ ವಿಜಯನಗರದ ನಮ್ಮ ಮನೆಗೆ ಬಂದು ಚೀಲ ಬಿಚ್ಚಿದಾಗ ಕೋಣೆಯೆಲ್ಲ ಕಡಲ ವಾಸನೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದ. ಹೊಸದಾಗಿ ಕೊಂಡ ಈಜುಡುಪಿನ ಜಿಪ್ ಬಿಗಿದುಕೊಂಡಿತ್ತು, ಮಾಸ್ಕಿನ ಅಂಚಿನಲ್ಲಿ ಬಿಳಿ ಹರಳು.

“ಮನೆಗೆ ಬಂದು ತೊಳೆದರಾಯಿತು ಅಂದುಕೊಂಡೆ, ಖಾಲಾ” ಎಂದ.

ತಪ್ಪಾದದ್ದು ಅಲ್ಲೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಒದ್ದೆಯಿರುವಾಗಲೇ ತೊಳೆದರೆ ಅದು ಸುಲಭವಾಗಿ ಹೋಗುತ್ತದೆ. ಒಣಗಿತೆಂದರೆ ಹರಳಾಗಿ ಸಂದುಗೊಂದುಗಳಲ್ಲಿ ಕೂರುತ್ತದೆ. ಉಪ್ಪಿನ ಡಬ್ಬಿಯ ತಗಡಿನ ಮುಚ್ಚಳ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರಿನ ಕವಾಟಕ್ಕೂ ಅದೇ ಗತಿ. ನೀರಿನಾಳದಲ್ಲಿ ಮನುಷ್ಯನ ಪ್ರಾಣ ಆ ಪುಟ್ಟ ಕವಾಟವನ್ನೇ ನಂಬಿರುತ್ತದೆ.

ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್ ದಾರಿ. ಅಷ್ಟರಲ್ಲಿ ಎಲ್ಲವೂ ಒಣಗಿರುತ್ತದೆ. ಇದಕ್ಕೆ ಸರಳ ಉಪಾಯ, ಗಿಡಗಳಿಗೆ ನೀರು ಸಿಂಪಡಿಸುವ 5 ಅಥವಾ 8 ಲೀಟರಿನ ಕೈಪಂಪಿನ ಕ್ಯಾನ್. ಅದು ಹೊಸದೇ ಆಗಿರಲಿ. ಕೀಟನಾಶಕ ತುಂಬಿದ್ದ ಕ್ಯಾನ್ ಬೇಡವೇ ಬೇಡ. ಮುಕ್ಕಾಲು ಭಾಗ ಮಾತ್ರ ಸಿಹಿನೀರು ತುಂಬಿ, ಉಳಿದ ಜಾಗವನ್ನು ಗಾಳಿಗೆ ಬಿಡಬೇಕು. ಪಂಪ್ ಒತ್ತಿದಂತೆ ಒಳಗಿನ ಗಾಳಿ ಇಕ್ಕಟ್ಟಾಗಿ ನೀರನ್ನು ಕೊಳವೆಯ ಮೂಲಕ ಹೊರದೂಡುತ್ತದೆ. ಕರೆಂಟೂ ಬೇಡ, ನಲ್ಲಿಯೂ ಬೇಡ.

ರೆಗ್ಯುಲೇಟರ್ ತೊಳೆಯುವ ಮುನ್ನ ಅದರ ಧೂಳುಮುಚ್ಚಳವನ್ನು ಒಣಗಿಸಿ ಭದ್ರವಾಗಿ ಹಾಕಬೇಕು. ತೊಳೆಯುವಾಗ ಮುಂಭಾಗದ ಗುಂಡಿಯನ್ನು ಒತ್ತಬಾರದು, ಒತ್ತಿದರೆ ನೀರು ಒಳಕ್ಕೆ ಇಳಿಯುತ್ತದೆ. ಮನೆ ಸೇರಿದ ಮೇಲೆ ಎಲ್ಲವನ್ನೂ ಬಕೆಟ್ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಬೇಕು. ಕ್ಯಾನಿನ ಸ್ನಾನ ಇದಕ್ಕೆ ಬದಲಿಯಲ್ಲ, ಮೊದಲ ಮೆಟ್ಟಿಲು ಅಷ್ಟೆ.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿರುವ ಪಿವಿಸಿ ಪೈಪಿಗೆ ಗಾಳಿ ತುಂಬಿ ಇದನ್ನು ತಯಾರಿಸಲು ಹುಡುಗರು ಹೊರಡುವುದುಂಟು. ಗಾಳಿಯ ಒತ್ತಡಕ್ಕೆ ಪಿವಿಸಿ ಸಿಡಿದು ಚೂರುಗಳು ಮೈಗೆ ನಾಟಬಹುದು. ಡೈವಿಂಗ್ ಸಿಲಿಂಡರಿನ ಗಾಳಿಯನ್ನಂತೂ ಕ್ಯಾನಿಗೆ ಜೋಡಿಸಲೇಬಾರದು. ಕಾರಿನ ಟಯರಿನಲ್ಲಿ 2-3 ಬಾರ್ ಒತ್ತಡವಿದ್ದರೆ ಅದರಲ್ಲಿ ಸುಮಾರು 200 ಬಾರ್ ಇರುತ್ತದೆ! ಸುರಕ್ಷಾ ಕವಾಟವಿರುವ ಕ್ಯಾನನ್ನೇ ಕೊಳ್ಳಿ. ಕೆಲಸ ಮುಗಿದೊಡನೆ ಗಾಳಿ ಬಿಟ್ಟುಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಒತ್ತಡ ತುಂಬಿದ ಕ್ಯಾನ್ ಇಡಬೇಡಿ.

ರಾತ್ರಿಯಿಡೀ ನೆನೆಸಿದ ಮೇಲೆ ಜಿಪ್ ಸಡಿಲವಾಯಿತು. ರೆಗ್ಯುಲೇಟರನ್ನು ಮಾತ್ರ ತಜ್ಞರಿಗೆ ತೋರಿಸದೆ ಮತ್ತೆ ನೀರಿಗಿಳಿಯಬಾರದೆಂದು ಹುಡುಗನಿಂದ ಮಾತು ತೆಗೆದುಕೊಂಡೆ. ಕಡಲಿಗೆ ಹೊರಟ ಮಕ್ಕಳ ಚೀಲದಲ್ಲಿ ಬಿರಿಯಾನಿಯ ಡಬ್ಬಿ ಇಡಲು ಮರೆಯದ ತಾಯಂದಿರು ಇನ್ನು ಮುಂದೆ ಒಂದು ಕ್ಯಾನ್ ಸಿಹಿನೀರನ್ನೂ ನೆನಪಿಸಲಿ.